ಹಪ್ಪಳದ ಡಬ್ಬದಲ್ಲಿ ಇಂಗ್ಲೆಂಡಿಗೆ ಹೋದ ಸೌರಕೋಶ

ಜಯನಗರ

ಪರದೇಶಕ್ಕೆ ಹೋಗಿ ಬಂದವನನ್ನು ನಮ್ಮ ಜನ ಕೇಳುವುದು ಎರಡೇ ಪ್ರಶ್ನೆ. ಊಟಕ್ಕೆ ಏನು ಮಾಡಿದಿರಿ, ಚಳಿ ಹೇಗಿತ್ತು. ಹೋದ ಕೆಲಸ ಏನಾಯಿತು ಎಂದು ಇವತ್ತಿನವರೆಗೂ ಜಯನಗರದಲ್ಲಿ ಒಬ್ಬ ನರಪಿಳ್ಳೆಯೂ ನನ್ನನ್ನು ಕೇಳಿಲ್ಲ. ಹಾಗಾಗಿ ಯಾರೂ ಕೇಳದೆ ನಾನೇ ಹೇಳುತ್ತಿದ್ದೇನೆ. ಊಟದ ವಿಚಾರವೂ ಇದರಲ್ಲಿ ಬರುತ್ತದೆ. ನನ್ನ ಗ್ರಹಚಾರಕ್ಕೆ ಆ ಸಲ ಕೆಲಸ ಬೇರೆ, ಊಟ ಬೇರೆ ಆಗಿ ಉಳಿಯಲೇ ಇಲ್ಲ.

ಅರವತ್ತರ ದಶಕದ ಮೊದಮೊದಲ ವರ್ಷಗಳು. ಜಯನಗರ ಆಗ ಅರ್ಧ ಬಡಾವಣೆ, ಅರ್ಧ ಹೊಲ. ಬನಶಂಕರಿ ಗುಡಿಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಗೋದಾಮನ್ನು ಬಾಡಿಗೆಗೆ ಹಿಡಿದು ನಮ್ಮ ಸಂಸ್ಥೆಯವರು ಅದಕ್ಕೆ ‘ತೆಳುಪದರ ವಿಭಾಗ’ ಎಂದು ಬೋರ್ಡು ಹಾಕಿದ್ದರು. ವಿಭಾಗ ಎಂದರೆ ಯಾರು? ನಾನು ಮತ್ತು ಸೀತಾರಾಮು. ಮಳೆ ಬಂದರೆ ಬೋರ್ಡು ಒಳಗೆ ತಂದಿಡುತ್ತಿದ್ದೆವು.

ಬೆಳಕು ಬಿದ್ದರೆ ಕರೆಂಟು ಕೊಡುವ ಹಾಳೆ ಮಾಡುವುದು ನಮ್ಮ ಕೆಲಸ. ಕ್ಯಾಡ್ಮಿಯಂ ಸಲ್ಫೈಡ್ ಎಂಬ ಹಳದಿ ಪುಡಿಯನ್ನು ದೊಡ್ಡದೊಂದು ಗಾಜಿನ ಗಂಟೆಯೊಳಗಿಟ್ಟು, ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಹೊರಗೆಳೆದು, ಪುಡಿಯನ್ನು ಕಾಯಿಸಬೇಕು. ಅದು ಆವಿಯಾಗಿ ಮೇಲೆ ಕಟ್ಟಿದ ಲೋಹದ ಹಾಳೆಗೆ ತೆಳ್ಳಗೆ ಅಂಟಿಕೊಳ್ಳುತ್ತದೆ, ಅಡಿಗೆಮನೆಯ ಸೂರಿಗೆ ಮಸಿ ಹಿಡಿದ ಹಾಗೆ. ಆಮೇಲೆ ತಾಮ್ರದ ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಹಳದಿಯ ಮೇಲೆ ಕಂದು ಪೊರೆಯೊಂದು ಬರುತ್ತದೆ. ಅಲ್ಲಿಗೆ ಸೌರಕೋಶ ಆಯಿತು. ನಾವು ಸೆಲ್ ಎನ್ನುತ್ತಿದ್ದೆವು. ನಮ್ಮ ಗಾಜಿನ ಗಂಟೆ ಗುಂಡಗಿದ್ದುದರಿಂದ ಸೆಲ್ಲೂ ಗುಂಡಗೆ. ಅಂಗೈ ಅಗಲ, ಕಾಗದದಷ್ಟು ತೆಳು, ಹಳದಿ ಮೈ, ಅಲ್ಲಲ್ಲಿ ಕಂದು ಮಚ್ಚೆ. ನೋಡಿದವರಿಗೆ ಏನು ನೆನಪಾಗುತ್ತದೆ ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಈ ಸೆಲ್ಲಿಗೆ ಗುಲಗಂಜಿ ಗಾತ್ರದ ಮೋಟಾರೊಂದನ್ನು ಸೇರಿಸಿ, ಮೋಟಾರಿಗೆ ಕಾಗದದ ಫ್ಯಾನು ಸಿಕ್ಕಿಸಿದ್ದೆವು. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಅದು ತಿರುಗಿತು. ನಾನು ಕಂಡೆ, ಸೀತಾರಾಮು ಕಂಡ. ನಿರ್ದೇಶಕರನ್ನು ಕರೆತರುವಷ್ಟರಲ್ಲಿ ನಿಂತುಹೋಯಿತು. ಆಮೇಲೆ ಎಷ್ಟು ಸೆಲ್ ಮಾಡಿದರೂ ಫ್ಯಾನು ಒಮ್ಮೆ ಮೈ ಕೊಡವಿ ಸುಮ್ಮನಾಗುತ್ತಿತ್ತು. ಅಷ್ಟರಲ್ಲಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಿಂದ ಕರೆ ಬಂತು. ಇದೇ ಕೆಲಸ ಮಾಡುವವರೆಲ್ಲ ತಮ್ಮ ತಮ್ಮ ಸೆಲ್ ತಂದು ಒಂದೇ ದೀಪದ ಕೆಳಗೆ ತೋರಿಸಬೇಕು, ಬಂದವರು ಕೆಲವು ತಿಂಗಳು ಅಲ್ಲೇ ಇದ್ದು ಕೆಲಸ ಕಲಿಯಬಹುದು ಎಂದು. ನಿರ್ದೇಶಕರು ನನ್ನನ್ನು ಕಳಿಸಲು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು.

“ಒಂದ್ಸಲ ತಿರುಗಿದ್ರೆ ಅದೃಷ್ಟ ಕಣ್ರೀ. ಅಲ್ಲೂ ತಿರುಗಬೇಕು, ಇಲ್ಲಿ ನನ್ನ ಕಣ್ಮುಂದೇನೂ ತಿರುಗಬೇಕು. ಇಲ್ಲಾಂದ್ರೆ ವರ್ಷದ ಕೊನೆಗೆ ಗೋದಾಮಿನ ಬೀಗದಕೈ ಓನರ್‌ಗೆ ಕೊಟ್ಬಿಡೋಣ.”

ನನಗೇನೋ ಕಾಲೇಜಿನಲ್ಲಿ ಪಾಠದ ಕೆಲಸ ಸಿಗುತ್ತಿತ್ತು. ಸೀತಾರಾಮುವಿನದು ಮಾತ್ರ ತಾತ್ಕಾಲಿಕ ಹುದ್ದೆ. ಪುಟ್ಟೇನಹಳ್ಳಿಯಲ್ಲಿ ಅವನ ಮಾವನಿಗೆ ಹಿಟ್ಟಿನ ಮಿಲ್ಲಿತ್ತು. ಅಳಿಯ ಈ ಹುಚ್ಚು ಬಿಟ್ಟು ಬರಲಿ ಎಂದು ಅವರು ಮದುವೆಯಾದಂದಿನಿಂದ ಮಿಲ್ಲಿನಲ್ಲಿ ಒಂದು ಕುರ್ಚಿ ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು. ಸೀತಾರಾಮುವಿಗೆ ಹಿಟ್ಟಿನ ದೂಳು ಮೂಗಿಗೆ ಹೋದರೆ ಸೀನು ನಿಲ್ಲುತ್ತಿರಲಿಲ್ಲ. ಫ್ಯಾನು ತಿರುಗದಿದ್ದರೆ ಅವನ ಉಳಿದ ಆಯುಷ್ಯವೆಲ್ಲ ಸೀನುವುದರಲ್ಲೇ ಕಳೆಯುವುದಿತ್ತು.

ಇದ್ದುದರಲ್ಲಿ ಒಳ್ಳೆಯ ಮೂರು ಸೆಲ್ ಆರಿಸಿದೆವು. ಈ ಸೆಲ್ಲಿಗೆ ತೇವವೇ ಶತ್ರು. ಹೋಗುವುದೋ ಸಮುದ್ರದ ಮೇಲೆ. ಗಾಳಿಯಾಡದ ಡಬ್ಬ ಒಂದು ಕೊಡಮ್ಮ ಎಂದು ಮನೆಯಲ್ಲಿ ಕೇಳಿದೆ. ಅಮ್ಮ ಹಿತ್ತಾಳೆ ಡಬ್ಬ ತೊಳೆದು, ಒರೆಸಿ, ಬಿಸಿಲಿಗಿಟ್ಟು ಕೊಟ್ಟರು. ಮುಚ್ಚಳ ತೆಗೆದರೆ ಒಳಗೆ ತುಂಬ ಹಪ್ಪಳ. ನಮ್ಮ ಮನೆಯಲ್ಲಿ ಖಾಲಿ ಪಾತ್ರೆ ಹೊಸಿಲು ದಾಟುವ ಹಾಗಿಲ್ಲ. ಪಕ್ಕದ ಮನೆಯ ಬಟ್ಟಲು ವಾಪಸು ಹೋಗುವಾಗಲೂ ನಾಲ್ಕು ಕಾಳು ಸಕ್ಕರೆಯಾದರೂ ಇರಬೇಕು. ಖಾಲಿ ಎಲ್ಲಿದೆ, ಮೂರು ಸೆಲ್ ಇಡುತ್ತೇನಲ್ಲ ಎಂದು ನಾನು ವಾದ ಹೂಡಿದೆ. ತಗಡು ಹಾಕಿದರೆ ಡಬ್ಬ ತುಂಬಿದ ಹಾಗೆ ಆಗುತ್ತಾ ಎಂದು ಅಮ್ಮ ಕೇಳಿದರು. ಮಗನನ್ನು ಸಮುದ್ರ ದಾಟಿಸುವಾಗ ಖಾಲಿ ಡಬ್ಬ ಕೈಗೆ ಕೊಡಲು ತಾನೇನು ಮಲತಾಯಿಯೇ ಎಂದೂ ಕೇಳಿದರು. ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ.

ಸೀತಾರಾಮು ನನ್ನ ಪರವಾಗಿ ಮಾತಾಡುತ್ತಾನೆ ಎಂದುಕೊಂಡರೆ, ಮಹಾರಾಯ, ಅಮ್ಮನ ಕಡೆ ಸೇರಿದ. ಹಪ್ಪಳಕ್ಕಿಂತ ಒಣಗಿದ ಪದಾರ್ಥ ಬೆಂಗಳೂರಿನಲ್ಲಿ ಇನ್ನೇನಿದೆ, ಡಬ್ಬದೊಳಗೆ ಬಂದ ತೇವವನ್ನೆಲ್ಲ ಅದೇ ಹೀರಿಕೊಳ್ಳುತ್ತದೆ, ಸೆಲ್ ಸುರಕ್ಷಿತ ಎಂದ. ಮಾತು ಸರಿಯೇ ಇತ್ತು. ಬೆಣ್ಣೆ ಕಾಗದದಲ್ಲಿ ಒಂದೊಂದನ್ನೂ ಸುತ್ತಿ ಹಪ್ಪಳಗಳ ನಡುವೆ ಇಟ್ಟೆವು.

ಹಡಗಿನ ಮೇಲೆ

ಬೊಂಬಾಯಿಯಲ್ಲಿ ಹಡಗು ಹತ್ತಿದೆ. ಸಮುದ್ರದ ವರ್ಣನೆ ಬೇಕಾದವರು ಬೇರೆಯವರನ್ನು ಕೇಳಿಕೊಳ್ಳಬೇಕು. ನಾನು ನೋಡಿದ್ದು ಮುಖ್ಯವಾಗಿ ಒಂದು ಬಕೆಟ್ಟಿನ ತಳವನ್ನು. ನನ್ನ ಕ್ಯಾಬಿನ್ನಿನಲ್ಲಿ ಕೊಯಮತ್ತೂರಿನ ಒಬ್ಬ ನೀರಿನ ಪಂಪಿನ ವ್ಯಾಪಾರಿ ಇದ್ದರು. ವಾಂತಿಯ ವಿಷಯದಲ್ಲಿ ನನಗಿಂತ ಹಿರಿಯರು. ಏಡನ್ ದಾಟಿದ ಮೇಲೆ ಇಬ್ಬರೂ ಸ್ವಲ್ಪ ಮನುಷ್ಯರಾಗಿ, ಬಾಯಿಗೆ ರುಚಿ ಬೇಕು ಎಂದು ಚಡಪಡಿಸತೊಡಗಿದೆವು. ಇಂಗಿನ ವಾಸನೆ ಅವರಿಗೆ ಮೊದಲ ದಿನದಿಂದಲೂ ಗೊತ್ತಾಗಿತ್ತಂತೆ. ಕೇಳಲು ಸಂಕೋಚವಾಗಿ, ‘ನಿಮ್ಮ ಪೆಟ್ಟಿಗೆ ಕ್ಷೇಮವೇ’ ಎಂದು ದಿನಾ ವಿಚಾರಿಸುತ್ತಿದ್ದರು.

ಕೊನೆಗೆ ಡಬ್ಬ ತೆರೆದೆ. ಹಡಗಿನ ಅಡಿಗೆಯವನೊಬ್ಬ ಒಲೆಯ ಮೇಲೆ ಹಪ್ಪಳ ಸುಟ್ಟುಕೊಟ್ಟ. ಆಮೇಲೆ ದಿನಾ ಒಂದೊಂದು ಸಲ ಮುಚ್ಚಳ ತೆರೆಯುವುದು, ತಿನ್ನುವುದು, ಮುಚ್ಚುವುದು. ತೆರೆದಾಗಲೆಲ್ಲ ಉಪ್ಪು ಗಾಳಿ ಒಳಗೆ ಹೋಗುತ್ತದೆ ಎಂದು ವಿಜ್ಞಾನಿಯಾದ ನನಗೆ ತಿಳಿಯದೆ ಇರಲಿಲ್ಲ. ಆದರೆ ಬರೀ ಬೇಯಿಸಿದ ಆಲೂಗಡ್ಡೆಯ ಎದುರು ಎಂಥ ವಿಜ್ಞಾನವೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೆಡಿಟರೇನಿಯನ್ ತಲುಪುವಷ್ಟರಲ್ಲಿ ಡಬ್ಬ ಅರ್ಧಕ್ಕೆ ಬಂದಿತ್ತು.

ಲಂಡನ್ ಬಂದರು

ಇಂಗ್ಲೆಂಡಿನ ಕಸ್ಟಮ್ಸ್ ಅಧಿಕಾರಿ ಬಹಳ ಮರ್ಯಾದಸ್ಥ. ನಮ್ಮಲ್ಲಾದರೆ ಏನ್ರೀ ಇದು ಎಂದು ಗದರುತ್ತಾರೆ. ಈತ ‘ದಯವಿಟ್ಟು ಬೇಸರಪಡಬೇಡಿ’ ಎಂದು ಕ್ಷಮೆ ಕೇಳಿಕೊಂಡು ನನ್ನ ಒಳ ಅಂಗಿಯನ್ನೆಲ್ಲ ಮೇಜಿನ ಮೇಲೆ ಹರಡಿದ. ಡಬ್ಬ ತೆಗೆದಾಗ ಇಂಗಿನ ವಾಸನೆಗೆ ಒಂದು ಹೆಜ್ಜೆ ಹಿಂದೆ ಸರಿದ. ಇದೇನು ಎಂದು ಕೇಳಿದ. ತಿನ್ನುವುದು ಎಂದೆ. ಬೆಣ್ಣೆ ಕಾಗದ ಬಿಚ್ಚಿ, ಇದು ಎಂದ. ಇದು ತಿನ್ನುವುದಲ್ಲ, ಬೆಳಕಿನಿಂದ ವಿದ್ಯುತ್ತು ಮಾಡುತ್ತದೆ ಎಂದೆ.

ಅವನು ಎಡಗೈಯಲ್ಲೊಂದು ಹಪ್ಪಳ, ಬಲಗೈಯಲ್ಲೊಂದು ಸೆಲ್ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ, ದಯವಿಟ್ಟು ಬೇಸರಪಡದೆ, ತಿನ್ನುವುದನ್ನು ತಿಂದು ತೋರಿಸಿ ಎಂದ. ಹಸಿ ಹಪ್ಪಳವನ್ನೇ ಕರುಂ ಕುರುಂ ಎಂದು ಅಗಿದು ನುಂಗಿದೆ. ಹಾಗಾದರೆ ವಿದ್ಯುತ್ತು ಮಾಡುವುದು ವಿದ್ಯುತ್ತು ಮಾಡಲಿ ಎಂದ. ಆಕಾಶದಲ್ಲಿ ಸೂರ್ಯನ ಪತ್ತೆಯೇ ಇರಲಿಲ್ಲ. ಗೋಡೆಯ ಮೇಲೆ ಹಳೆಯ ಬಲ್ಬೊಂದು ಮಿಣಮಿಣ ಅನ್ನುತ್ತಿತ್ತು. ಈಗ ಆಗುವುದಿಲ್ಲ ಎಂದೆ. ಅವನು ತಲೆಯಾಡಿಸಿ, ಒಳಗೇನಾದರೂ ಅಡಗಿದೆಯೇ ಎಂದು ಸೆಲ್ಲನ್ನು ಮೆತ್ತಗೆ ಬಗ್ಗಿಸಿದ. ಹಳದಿ ಪದರ ಚಕ್ಕೆ ಚಕ್ಕೆಯಾಗಿ ಮೇಜಿನ ಮೇಲೆ ಉದುರಿತು.

ಇದು ಹಳಸಿದೆ, ತಿನ್ನಬೇಡಿ ಎಂದು ಬುದ್ಧಿ ಹೇಳಿ ಬಿಟ್ಟುಬಿಟ್ಟ. ಮೂರರಲ್ಲಿ ಒಂದು ಅಲ್ಲಿಗೆ ಹೋಯಿತು.

ಮಿಸೆಸ್ ಡಾಬ್ಸನ್ ಮನೆ

ನಾನು ಹೋದ ಊರು ಉತ್ತರ ಇಂಗ್ಲೆಂಡಿನದು. ಮನೆಗಳೆಲ್ಲ ಒಂದೇ ಥರ, ಒಂದೇ ಸಾಲು, ಎಲ್ಲದಕ್ಕೂ ಹೊಗೆಯ ಕಪ್ಪು. ಮೊದಲ ವಾರ ಎರಡು ಸಲ ಬೇರೆಯವರ ಬಾಗಿಲಿಗೆ ಬೀಗದಕೈ ತೂರಿಸಿದ್ದೆ. ನನಗೆ ರೂಮು ಕೊಟ್ಟವರು ಮಿಸೆಸ್ ಡಾಬ್ಸನ್, ನಮ್ಮ ಅಮ್ಮನ ವಯಸ್ಸಿನ ವಿಧವೆ. ಆಕೆ ನನ್ನನ್ನು ಕರೆಯುತ್ತಿದ್ದುದು ‘ಲವ್’ ಎಂದು. ಇನ್ನೂ ಮದುವೆಯಾಗದ ನನಗೆ ಮೊದಲ ದಿನ ಕೈಕಾಲು ತಣ್ಣಗಾಯಿತು. ಮಾರನೆಯ ದಿನ ಮೀಸೆ ಹೊತ್ತ ಬಸ್ ಕಂಡಕ್ಟರೂ ಅದೇ ಹೆಸರಿನಿಂದ ಕರೆದು ಟಿಕೆಟ್ ಕೊಟ್ಟ ಮೇಲೆ ಸಮಾಧಾನವಾಯಿತು. ನಾವು ಕಂದ, ಮರಿ ಎನ್ನುವುದಿಲ್ಲವೇ, ಹಾಗೆಯೇ ಇದೂ.

ಅಲ್ಲಿನವರ ಸ್ನಾನ ವಾರಕ್ಕೊಮ್ಮೆ. ನಾನು ದಿನಾ ಬೆಳಿಗ್ಗೆ ಬಿಸಿನೀರು ಕೇಳಿದಾಗ ಆಕೆ ನನಗೆ ಚರ್ಮರೋಗವೇನೋ ಇದೆ ಎಂದು ತಿಳಿದು, ಕನಿಕರದಿಂದ ಮುಲಾಮು ತಂದುಕೊಟ್ಟರು. ಅಡಿಗೆಮನೆಯಲ್ಲಿ ಇನ್ನೊಂದು ವಿಶೇಷ. ಮಾಂಸ ಬೇಯಿಸಿದಾಗ ಇಳಿದ ದನದ ಕೊಬ್ಬನ್ನು ಒಂದು ಬಟ್ಟಲಲ್ಲಿ ಕೂಡಿಡುತ್ತಾರೆ. ಕರಿಯುವುದೆಲ್ಲ ಅದರಲ್ಲೇ. ಕರಿದು ಉಳಿದದ್ದು ಮತ್ತೆ ಬಟ್ಟಲಿಗೆ. ನಮ್ಮ ಮನೆಗಳಲ್ಲಿ ಮೊಸರಿನ ಹೆಪ್ಪು ನಡೆದುಕೊಂಡು ಬರುವ ಹಾಗೆ ಅದು ಯುದ್ಧದ ಕಾಲದಿಂದ ನಡೆದುಕೊಂಡು ಬಂದಿದೆ ಎಂದು ಹೆಮ್ಮೆಯಿಂದ ತೋರಿಸಿದರು. ನಾನು ದೂರದಿಂದಲೇ ಕೈಮುಗಿದೆ.

ಆ ಬಟ್ಟಲಿನ ದೆಸೆಯಿಂದಲೇ ನಾನು ಹಪ್ಪಳವನ್ನು ಕರಿಯದೆ ಗ್ಯಾಸಿನ ಉರಿಯ ಮೇಲೆ ಸುಟ್ಟುಕೊಳ್ಳುತ್ತಿದ್ದೆ. ಮಿಸೆಸ್ ಡಾಬ್ಸನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಪಾಪ, ಈ ಹುಡುಗನಿಗೆ ಒಂದು ಚಮಚ ಜಿಡ್ಡೂ ಇಲ್ಲದೆ ಒಣಕಲು ತಿನ್ನುವ ಗತಿ ಬಂತಲ್ಲ ಎಂದು ಆಕೆಗೆ ಅನಿಸುತ್ತಿತ್ತಂತೆ. ಇದು ನನಗೆ ತಿಳಿದದ್ದು ತಡವಾಗಿ.

ಪ್ರದರ್ಶನದ ಹಿಂದಿನ ದಿನ ಉಳಿದ ಎರಡರಲ್ಲಿ ಒಂದು ಸೆಲ್ಲನ್ನು ವಿಶ್ವವಿದ್ಯಾಲಯಕ್ಕೆ ತೆಗೆದುಕೊಂಡು ಹೋಗಿ ದೀಪದ ಕೆಳಗೆ ಇಟ್ಟು ನೋಡಿದೆ. ಸತ್ತಿತ್ತು. ಕೊಯಮತ್ತೂರಿನವರ ಜೊತೆ ತಿಂದ ಒಂದೊಂದು ಹಪ್ಪಳವೂ ಹೊಟ್ಟೆಯೊಳಗೆ ಚುರುಕ್ ಎಂದಿತು. ಇನ್ನು ಉಳಿದದ್ದು ಮನೆಯಲ್ಲಿ ಡಬ್ಬದೊಳಗಿರುವ ಒಂದೇ ಒಂದು. ಬಸ್ಸಿನಲ್ಲಿ ಕೂತಾಗ ಸೀತಾರಾಮು ಬಿಳಿ ಹಿಟ್ಟು ಮೆತ್ತಿದ ಮುಖದಲ್ಲಿ ಸೀನುತ್ತಿರುವುದೇ ಕಣ್ಣಿಗೆ ಕಟ್ಟುತ್ತಿತ್ತು. ಇಳಿದಾಗ ಮಳೆ. ಕೊಡೆ ಮನೆಯಲ್ಲೇ ಬಿಟ್ಟಿದ್ದೆ. ನೆನೆದು ತೊಪ್ಪೆಯಾಗಿ ಬಾಗಿಲು ತೆಗೆದರೆ ಮನೆ ತುಂಬ ಇಂಗು, ಜೀರಿಗೆ, ಅದರ ಜೊತೆ ಇನ್ನೇನೋ ವಾಸನೆ.

ಮೇಜಿನ ಮೇಲೆ ಹೂವಿನ ಚಿತ್ರದ ತಟ್ಟೆ. ತಟ್ಟೆಯಲ್ಲಿ ಉಬ್ಬಿದ ಹಪ್ಪಳ. ಎಲ್ಲದರ ಮೇಲೆ, ಜಿಡ್ಡಿನಲ್ಲಿ ಫಳಫಳ ಹೊಳೆಯುತ್ತ, ನಮ್ಮ ಸೆಲ್.

ಆಕೆಯ ಮಾತನ್ನು ನಮ್ಮ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ನಿಮ್ಮ ತಾಯಿ ಕಳಿಸಿದ್ದು ಬಿಸಿಬಿಸಿಯಾಗಿ ತಿನ್ನಲಿ ಅಂತ ಕರಿದೆ ಕಂದ. ಎಲ್ಲಾ ಉಬ್ಬಿದ್ವು. ಇದೊಂದೇ ಹಠ ಮಾಡ್ತು. ಬೆಳ್ಳಿ ಕಾಗದ ಹಚ್ಚಿತ್ತಲ್ಲ, ಹಬ್ಬದ ದಿನಕ್ಕೆ ಇಟ್ಟಿದ್ದಿರಬೇಕು ಅಂದ್ಕೊಂಡು ಎಷ್ಟೋ ಹೊತ್ತು ಬಿಟ್ಟೆ.”

ನಾಚಿಕೆ ಬಿಟ್ಟು ಹೇಳುತ್ತೇನೆ, ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಆಕೆ ಗಾಬರಿಯಾದರು. ಅಮ್ಮನ ನೆನಪಾಯಿತೇನೋ ಎಂದುಕೊಂಡು ಒಂದು ಹಪ್ಪಳ ಮುರಿದು ತಮ್ಮ ಬಾಯಿಗೆ ಹಾಕಿಕೊಳ್ಳಲು ಹೋದರು. ಥಟ್ಟನೆ ನನಗೆ ಕ್ಯಾಡ್ಮಿಯಂ ನೆನಪಾಯಿತು. ಹಾರಿ ಅವರ ಕೈಯಿಂದ ಕಿತ್ತುಕೊಂಡೆ. ತಿನ್ನಬೇಡಿ, ವಿಷ ಇದೆ ಎಂದೆ. ಊಟದ ಡಬ್ಬದಲ್ಲಿ ವಿಷ ಏಕೆ ಇಟ್ಟುಕೊಂಡಿದ್ದೀ ಎಂಬ ನ್ಯಾಯವಾದ ಪ್ರಶ್ನೆಗೆ ಉತ್ತರವಾಗಿ ಎಲ್ಲ ಕಥೆ ಹೇಳಬೇಕಾಯಿತು. ಗೋದಾಮು, ಫ್ಯಾನು, ಸೀತಾರಾಮು, ಅವನ ಮಾವ, ಹಿಟ್ಟಿನ ಮಿಲ್ಲು. ಬಾಣಲೆ, ಅದರೊಳಗಿನ ಕೊಬ್ಬು ಎರಡನ್ನೂ ಎಸೆಯಬೇಕು ಎಂದೂ ಹೇಳಿದೆ. ಉಳಿದ ಕೊಬ್ಬನ್ನು ಆಗಲೇ ಬಟ್ಟಲಿಗೆ ಬಗ್ಗಿಸಿಯಾಗಿತ್ತು. ಹಾಗಾದರೆ ಬಟ್ಟಲೂ ಹೋಗಬೇಕು.

ಮಿಸೆಸ್ ಡಾಬ್ಸನ್ ಯುದ್ಧದ ಕಾಲದ ಆ ಬಟ್ಟಲನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮಳೆಯಲ್ಲೇ ಹೊರಗೆ ಹೋಗಿ ಕಸದ ಡಬ್ಬಿಗೆ ಹಾಕಿ ಬಂದರು. ಬಂದು ಕೈ ತೊಳೆದು ಚಹಾಕ್ಕೆ ನೀರಿಟ್ಟರು. ನನ್ನ ಸೆಲ್ ಹೋದದ್ದಕ್ಕಿಂತ ಆ ಬಟ್ಟಲು ಹೋದದ್ದು ನನಗೆ ಹೆಚ್ಚು ಸಂಕಟವಾಯಿತು. ದನದ ಕೊಬ್ಬಿಗಾಗಿ ಮರುಗಿದ ಮೊದಲನೆಯ ಜಯನಗರದ ಬ್ರಾಹ್ಮಣ ನಾನೇ ಇರಬೇಕು.

ದೀಪದ ಕೆಳಗೆ

ಬೇರೆ ದಾರಿ ಇರಲಿಲ್ಲ. ಬೆಳಿಗ್ಗೆ ಬೇಗ ಹೋಗಿ ಕರಿದ ಸೆಲ್ಲನ್ನು ದ್ರಾವಕದಲ್ಲಿ ತೊಳೆದು, ಒಣಗಿಸಿ, ತಂತಿಯ ಚೌಕಟ್ಟಿಗೆ ಸಿಕ್ಕಿಸಿದೆ. ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗಲಿಲ್ಲ. ದೊಡ್ಡ ಪ್ರಯೋಗಾಲಯ, ಬಿಳಿ ಕೋಟಿನ ಜನ, ನಡುವೆ ಪ್ರೊಫೆಸರ್ ಮಿಲ್ನರ್. ಕುಳ್ಳಗಿನ ಮನುಷ್ಯ, ಟೈ ಮೇಲೆ ಬೆಳಗಿನ ಮೊಟ್ಟೆಯ ಗುರುತು. ಒಬ್ಬೊಬ್ಬರೇ ತಮ್ಮ ಸೆಲ್ ತಂದು ದೀಪದ ಕೆಳಗಿಟ್ಟು, ನಮ್ಮದರಂಥದೇ ಪುಟ್ಟ ಫ್ಯಾನಿಗೆ ಜೋಡಿಸುತ್ತಿದ್ದರು. ಕೆಲವರ ಫ್ಯಾನು ತಿರುಗಿತು, ಕೆಲವರದು ತೂಕಡಿಸಿತು.

ನನ್ನ ಸರದಿ ಬಂದಾಗ ಬನಶಂಕರಿಯನ್ನು ನೆನೆದು ಕಣ್ಣು ಮುಚ್ಚಿಕೊಂಡೆ. ಮೊದಲು ಕೇಳಿಸಿದ್ದು ಪಕ್ಕದವರ ನಗು. ಸರಿ, ಮುಗಿಯಿತು ಎಂದುಕೊಂಡು ಕಣ್ಣು ತೆರೆದರೆ, ಫ್ಯಾನು ತಿರುಗು ಎಂದರೆ ತಿರುಗು, ರೆಕ್ಕೆಗಳೇ ಕಾಣದಷ್ಟು ವೇಗವಾಗಿ ತಿರುಗುತ್ತಿತ್ತು. ಅದರ ಗಾಳಿಗೆ ಪ್ರಯೋಗಾಲಯದ ಆ ಮೂಲೆಯೆಲ್ಲ ಇಂಗಿನ ವಾಸನೆ ಹರಡಿ ಜನ ನಗುತ್ತಿದ್ದರು. ನನಗೆ ಕುಣಿಯಬೇಕು ಎನ್ನಿಸಿತು. ಸೂಟು ಬಿಗಿಯಾಗಿದ್ದುದರಿಂದ ಸುಮ್ಮನಿದ್ದೆ.

ಪ್ರೊಫೆಸರ್ ಮಿಲ್ನರ್ ಹತ್ತಿರ ಬಂದು, ಅದ್ದಿದ ಮೇಲೆ ಇದಕ್ಕೆ ಶಾಖ ಕೊಟ್ಟಿದ್ದೀರಿ ಅಲ್ಲವೇ ಎಂದರು. ಅದ್ದಿದ ಸೆಲ್ಲನ್ನು ಮತ್ತೆ ಸ್ವಲ್ಪ ಕಾಯಿಸಿದರೆ ಎರಡು ಪದರವೂ ಚೆನ್ನಾಗಿ ಕೂಡಿಕೊಳ್ಳುತ್ತವೆ ಎಂಬ ಗುಮಾನಿ ಅವರಿಗೂ ಇತ್ತಂತೆ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದು ಮಾತ್ರ ತಿಳಿಯದೆ ಒಲೆಯಲ್ಲಿಟ್ಟು ರಾಶಿ ಸೆಲ್ ಹಾಳುಮಾಡಿದ್ದರು. ಹೂಂ ಎಂದು ಬಿಡಬಹುದಾಗಿತ್ತು. ಆದರೆ ಹೂಂ ಎಂದರೆ ಫ್ಯಾನು ಇಲ್ಲಿ ತಿರುಗಿದ ಹಾಗಾಯಿತೇ ಹೊರತು ಬೆಂಗಳೂರಿನಲ್ಲಿ ತಿರುಗುವುದು ಹೇಗೆ? ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದು ನನಗೂ ಬೇಕಿತ್ತು. ನಿನ್ನೆ ಸಂಜೆ ನಮ್ಮ ಮನೆಯೊಡತಿ ಇದನ್ನು ದನದ ಕೊಬ್ಬಿನಲ್ಲಿ ಕರಿದರು ಎಂದು ಹೇಳಿದೆ.

ಯಾರೂ ನಗಲಿಲ್ಲ. ಆ ದೇಶದವರ ದೊಡ್ಡ ಗುಣ ಅದು. ನಗಬೇಕಾದಲ್ಲಿ ನಗದೆ ಜೇಬಿನಿಂದ ಪೆನ್ಸಿಲ್ ತೆಗೆಯುತ್ತಾರೆ. ಪ್ರೊಫೆಸರು ಗಂಭೀರವಾಗಿ, ಆ ಮಹಿಳೆಯನ್ನು ಭೇಟಿ ಮಾಡಬಹುದೇ ಎಂದರು.

ಮಿಸೆಸ್ ಡಾಬ್ಸನ್ ಚರ್ಚಿಗೆ ಹೋಗುವ ಹ್ಯಾಟು ಹಾಕಿಕೊಂಡು ಬಂದರು. ವಿಷ ಹಾಕಿದ ಆರೋಪದ ಮೇಲೆ ವಿಚಾರಣೆಯೇನೋ ಎಂದು ಮುಖ ಬಿಳಿಚಿತ್ತು. ಕೊಬ್ಬು ಎಷ್ಟು ಕಾದಿತ್ತು ಎಂದು ಪ್ರೊಫೆಸರು ಕೇಳಿದರು. ಬ್ರೆಡ್ ಚೂರು ಹಾಕಿದರೆ ಕೆಂಪಗಾಗುವಷ್ಟು ಎಂದರು. ಅದನ್ನು ಥರ್ಮಾಮೀಟರ್ ಇಟ್ಟು ಅಳೆಯಬಹುದಿತ್ತು. ಎಷ್ಟು ಹೊತ್ತು ಬಿಟ್ಟಿರಿ ಎಂದು ಕೇಳಿದಾಗ ಆಕೆ ಕೈಚೀಲದ ಹಿಡಿ ತಿರುಚುತ್ತ ಕೂತರು. ಪ್ರೊಫೆಸರು ಮತ್ತೆ ಕೇಳಿದರು.

“ಗೊತ್ತಿಲ್ಲ ಸಾರ್. ಒಲೆ ಹತ್ರ ಇರ್ಲಿಲ್ಲ. ಇವನು ಕೊಡೆ ಬಿಟ್ಟು ಹೋಗಿದ್ದ. ಬಸ್ಸು ಬಂದ ಸದ್ದಾಯ್ತು, ಕಿಟಕಿಗೆ ಹೋದೆ. ಇವನು ತಿರುವಿನಲ್ಲಿ ಕಾಣಿಸೋ ತನಕ ನಿಂತ್ಕೊಂಡಿದ್ದೆ.”

ಪ್ರೊಫೆಸರು ಕಪ್ಪು ಹಲಗೆಯ ಮೇಲೆ ಕಾಲ ಎಂದು ಬರೆದು, ಸಮ ಚಿಹ್ನೆ ಹಾಕಿ, ಮುಂದೆ ಏನು ಬರೆಯುವುದೆಂದು ತಿಳಿಯದೆ ನಿಂತರು. ನನಗೂ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಬಾಡಿಗೆ ಕೊಟ್ಟು ಇದ್ದವನಿಗಾಗಿ ಆಕೆ ಕಿಟಕಿಯಲ್ಲಿ ಕಾದಿದ್ದರು.

ಬಸ್ ಸ್ಟಾಪು

ಆ ವಾರ ಆ ಬೀದಿಯ ಜನಕ್ಕೆ ಸಿನೆಮಾ ನೋಡುವ ಅಗತ್ಯ ಬೀಳಲಿಲ್ಲ. ಪ್ರೊಫೆಸರ್ ಮಿಲ್ನರ್ ತಮ್ಮ ಇಡೀ ಪರಿವಾರದ ಜೊತೆ ಮಿಸೆಸ್ ಡಾಬ್ಸನ್ ಅವರ ಮುಂದಿನ ಕೋಣೆಯಲ್ಲಿ ಬೀಡುಬಿಟ್ಟರು. ಕೈಯಲ್ಲಿ ಓಟದ ಪಂದ್ಯಕ್ಕೆ ಹಿಡಿಯುವ ಗಡಿಯಾರ. ನನ್ನ ಕೆಲಸ ಬಸ್ಸಿನಿಂದ ಇಳಿದು ಮನೆಗೆ ನಡೆದು ಬರುವುದು. ಬಂದ ಮೇಲೆ ಮತ್ತೆ ಹಿಂದಿನ ಸ್ಟಾಪಿಗೆ ಹೋಗಿ, ಬಸ್ಸು ಹತ್ತಿ, ಇಳಿದು, ಮತ್ತೆ ನಡೆದು ಬರುವುದು. ಅದೇ ಮೀಸೆಯ ಕಂಡಕ್ಟರು ನಾಲ್ಕನೆಯ ಸಲ ನನ್ನನ್ನು ಕಂಡಾಗ, ಏನು ಲವ್, ಮನೆ ಸಿಗ್ತಿಲ್ವಾ ಎಂದ.

ಕೊಡೆ ಹಿಡಿಯಲು ಅಪ್ಪಣೆ ಇರಲಿಲ್ಲ. ಕೊಡೆ ಇದ್ದವನ ನಡಿಗೆ ಬೇರೆ, ನೆನೆಯುವವನ ನಡಿಗೆ ಬೇರೆ, ಮೂಲ ಪ್ರಯೋಗದ ಸ್ಥಿತಿಯನ್ನು ಬದಲಿಸುವ ಹಾಗಿಲ್ಲ ಎಂದು ಪ್ರೊಫೆಸರು ಹೇಳಿದರು. ಒಂದು ದಿನ ಮಳೆ ಬಾರದಿದ್ದಾಗ ತೋಟದ ನೀರಿನ ಕೊಳವೆ ತರಿಸುವ ಮಾತು ಬಂತು. ಮಿಸೆಸ್ ಡಾಬ್ಸನ್ ಅಡ್ಡ ನಿಂತರು. ಹುಡುಗ ಈಗಾಗಲೇ ಕೆಮ್ಮುತ್ತಿದ್ದಾನೆ, ನೀರು ಹಾಕುವುದಾದರೆ ಪ್ರೊಫೆಸರು ತಮ್ಮ ಮೇಲೇ ಹಾಕಿಕೊಳ್ಳಲಿ ಎಂದರು. ನಿರಾಶೆಯಲ್ಲಿದ್ದ ಮನುಷ್ಯ ನಿಧಾನವಾಗಿ ನಡೆಯುತ್ತಾನಾದ್ದರಿಂದ, ಹೊರಡುವ ಮುಂಚೆ ಸೆಲ್ ಸತ್ತದ್ದನ್ನು ಚೆನ್ನಾಗಿ ನೆನಪುಮಾಡಿಕೊಂಡು ಬರಬೇಕೆಂದು ನನಗೆ ಸೂಚನೆಯಾಯಿತು. ನಾನು ಶಿಸ್ತಾಗಿ ಮುಖ ಬಾಡಿಸಿಕೊಂಡು ನಡೆದೆ. ಎದುರು ಮನೆಯ ಮುದುಕಿಯೊಬ್ಬಳು ನನ್ನನ್ನು ನೋಡಿ ಬಿಸ್ಕತ್ತು ತಂದುಕೊಟ್ಟಳು.

ಎಲ್ಲ ಸಲದ ಸರಾಸರಿ ತೆಗೆದರು. ಅಷ್ಟೇ ಹೊತ್ತು, ಅಷ್ಟೇ ಬಿಸಿಯಲ್ಲಿ, ಹೊಸ ಬಾಣಲೆಯಲ್ಲಿ ತಮ್ಮ ತಿರಸ್ಕೃತ ಸೆಲ್‌ಗಳನ್ನು ಕರಿದರು. ಕೆಲವು ಮುರುಟಿದವು. ಹೆಚ್ಚಿನವು ಫ್ಯಾನು ತಿರುಗಿಸಿದವು. ಪ್ರೊಫೆಸರ್ ಮಿಲ್ನರ್ ಹೊಸದೊಂದು ಬಟ್ಟಲನ್ನೂ ಅದರ ತುಂಬ ಕೊಬ್ಬನ್ನೂ ತಾವೇ ಹೊತ್ತು ತಂದು ಮಿಸೆಸ್ ಡಾಬ್ಸನ್ ಕೈಗೆ ಕೊಟ್ಟರು. ಆಕೆ ಮೂಸಿ ನೋಡಿ, ಅಂಗಡಿಯದು ಎಂದು ಬದಿಗಿಟ್ಟರು.

ನಾನು ಆ ರಭಸದಲ್ಲೇ ಕೂತು ಸೀತಾರಾಮುವಿಗೆ ಉದ್ದವಾದ ಕಾಗದ ಬರೆದೆ. ಬ್ರೆಡ್ ಚೂರಿನ ಬಿಸಿ, ಕಿಟಕಿ, ಬಸ್ಸು, ಮಳೆ, ಕಂಡಕ್ಟರು, ಪ್ರೊಫೆಸರರ ಟೈ, ಬಿಸ್ಕತ್ತು, ಎಲ್ಲ ಬರೆದೆ. ಯಾವ ಜಿಡ್ಡು ಎಂದು ಮಾತ್ರ ಬರೆಯಲಿಲ್ಲ. ವಿಜ್ಞಾನಕ್ಕೆ ಅದು ಮುಖ್ಯವಲ್ಲ. ಅಮ್ಮನಿಗೆ ಬಹಳ ಮುಖ್ಯ. ಅಂಚೆಗೆ ಹಾಕಿ ಬಂದು ಒಂದು ವಾರವಾದ ಮೇಲೆ ಸ್ನಾನ ಮಾಡುವಾಗ ಎದೆ ಧಸಕ್ಕೆಂದಿತು. ಸರಾಸರಿ ಎಷ್ಟು ಬಂತು ಎಂಬುದನ್ನೇ ಬರೆದಿರಲಿಲ್ಲ. ವರ್ಷ ಮುಗಿಯುತ್ತ ಬಂದು, ನಿರ್ದೇಶಕರು ನೋಡಲು ಬರುವ ದಿನ ಹತ್ತಿರವಾಗಿತ್ತು. ಓಡಿಹೋಗಿ ತಂತಿ ಕೊಟ್ಟೆ. ಅದು ತಲುಪಿತೋ ಇಲ್ಲವೋ ತಿಳಿಯದೆ, ಮಿಲ್ಲಿನ ಕುರ್ಚಿಯನ್ನು ನೆನೆದುಕೊಂಡು ಹಗಲೆಲ್ಲ ಚಡಪಡಿಸಿದೆ.

ಅಡಿಗೆಮನೆಯಲ್ಲಿ ಓದಿದ ಕಾಗದ

ಸೀತಾರಾಮುವಿನ ಉತ್ತರ ಬಂದಾಗ ಮಿಸೆಸ್ ಡಾಬ್ಸನ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಏನು ಬರೆದಿದ್ದಾನೆ, ಓದಿ ಹೇಳು ಎಂದರು. ಒಂದೊಂದೇ ಸಾಲು ಇಂಗ್ಲಿಷಿಗೆ ತಿರುಗಿಸುತ್ತ ಓದಿದೆ.

ಫ್ಯಾನು ತಿರುಗಿತು ಎಂದು ಮೊದಲ ಸಾಲಿನಲ್ಲೇ ಇತ್ತು. ನಿರ್ದೇಶಕರ ಕಣ್ಣೆದುರಿಗೇ ತಿರುಗಿತು, ವಿಭಾಗ ಉಳಿಯಿತು, ಹುದ್ದೆಯೂ ಉಳಿಯಿತು. ಮಾವ ಮಿಲ್ಲಿನ ಕುರ್ಚಿಯನ್ನು ತಾವೇ ಕೂರಲು ತೆಗೆದುಕೊಂಡರಂತೆ. ಮಿಸೆಸ್ ಡಾಬ್ಸನ್ ಚಾಕು ಕೆಳಗಿಟ್ಟು ನನ್ನ ಕೆನ್ನೆ ತಟ್ಟಿದರು.

ನನ್ನ ತಂತಿ ಅವರಿಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಕಾಗದದಲ್ಲಿ ಹೊತ್ತು ಎಷ್ಟೆಂದು ಇಲ್ಲದ್ದರಿಂದ ಸೀತಾರಾಮು ನಿರ್ದೇಶಕರನ್ನು ಸೀದಾ ನಮ್ಮ ಮನೆಗೇ ಕರೆದುಕೊಂಡು ಹೋಗಿದ್ದ. ಬಸ್ ಸ್ಟಾಪು, ತಿರುವು, ಬಾಗಿಲು ಮೂರೂ ಅಲ್ಲಿದ್ದವಲ್ಲ. ಅಮ್ಮ ಹಿತ್ತಿಲಲ್ಲಿ ಮೂರು ಇಟ್ಟಿಗೆ ಇಟ್ಟು, ಇನ್ನು ವಾಪಸು ಒಳಗೆ ತರಕೂಡದು ಎಂದು ಹೇಳಿ ಒಂದು ಹಳೆಯ ಬಾಣಲೆ ಕೊಟ್ಟರಂತೆ. ಅದರಲ್ಲಿ ಕಡಲೆಕಾಯಿ ಎಣ್ಣೆ ಕಾಯಿಸಿದರಂತೆ. ಪಕ್ಷಪಾತ ಆಗಬಾರದೆಂದು ನಿರ್ದೇಶಕರೇ ಬಸ್ಸಿನಿಂದ ಇಳಿದು ನಡೆದು ಬಂದರಂತೆ. ಆ ದಿನ ಮಳೆ ಇರಲಿಲ್ಲವಾಗಿ, ಒಂದು ಬಿಂದಿಗೆ ನೀರು ತಲೆಯ ಮೇಲೆ ಸುರಿದುಕೊಂಡೇ ಬಂದರಂತೆ. ಅವರು ತಿರುವಿನಲ್ಲಿ ಕಾಣಿಸಿದ ಕೂಡಲೇ ಸೆಲ್ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದಾಗ ಫ್ಯಾನು ತಿರುಗಿತು. ಇಲ್ಲಿಯವರೆಗೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಾಗದದ ಕೊನೆಯಲ್ಲಿ ಸೀತಾರಾಮು ಇನ್ನೊಂದು ವಿಷಯ ಬರೆದಿದ್ದ. ಒಂದು ಒಳ್ಳೆಯ ಸೆಲ್ ಹಾಳಾಗಿದೆ, ಲೆಕ್ಕ ಕೇಳಿದರೆ ಇದು ಕಾರಣ ಎಂದು. ನಿರ್ದೇಶಕರು ಬರುವುದಕ್ಕೆ ಮುಂಚೆ ಅವನು ಮತ್ತು ಅಮ್ಮ ಇಬ್ಬರೇ ಒಮ್ಮೆ ಮಾಡಿ ನೋಡಿದ್ದರು. ನೀನು ಕರಿ, ನಾನು ಗೇಟಲ್ಲಿ ನಿಂತ್ಕೋತೀನಿ, ಹೊತ್ತಾಯಿತು ಅಂದಾಗ ತೆಗಿ ಎಂದು ಅಮ್ಮ ಹೋಗಿ ನಿಂತರು. ಬಸ್ಸು ಬಂತು. ಜನ ಇಳಿದರು, ತಿರುವು ದಾಟಿ ಅವರವರ ಮನೆಗೆ ಹೋದರು. ಅಮ್ಮ ಏನೂ ಹೇಳಲಿಲ್ಲ. ಎಣ್ಣೆ ಹೊಗೆಯಾಡಲು ಶುರುವಾಯಿತು. ಸೀತಾರಾಮು ಹಿತ್ತಿಲಿಂದ ತೆಗೆಯಲಾ ಎಂದು ಕೂಗಿದ.

“ತಡಿಯೋ, ಇನ್ನೂ ಬಂದಿಲ್ಲ,” ಎಂದರಂತೆ ಅಮ್ಮ.

ಸೀತಾರಾಮು ಹೋಗಿ ಅವರ ಭುಜ ಮುಟ್ಟಿ, ಅವನು ಇಂಗ್ಲೆಂಡಲ್ಲಿದಾನೆ ಕಣಮ್ಮ ಎನ್ನುವಷ್ಟರಲ್ಲಿ ಸೆಲ್ ಸೀದು ಕರಕಲಾಗಿತ್ತು. ಮೊದಲೇ ನೆನಪಿಸಬಾರದಿತ್ತೇ ಎಂದು ಅಮ್ಮ ಅವನಿಗೇ ಮಂಗಳಾರತಿ ಮಾಡಿದರಂತೆ.

ಇದನ್ನೂ ಇಂಗ್ಲಿಷಿಗೆ ತಿರುಗಿಸಿ ಓದಿದೆ. ಮಿಸೆಸ್ ಡಾಬ್ಸನ್ ನಗಲಿಲ್ಲ. ಸಿಪ್ಪೆ ತೆಗೆದ ಆಲೂಗಡ್ಡೆಯನ್ನು ನೀರಿಗೆ ಹಾಕಿ, ನಿಮ್ಮ ತಾಯಿ ಎಷ್ಟು ಹೊತ್ತು ನಿಂತಿದ್ದರು ಎಂದು ಕೇಳಿದರು. ಸೀತಾರಾಮು ಅದನ್ನು ಬರೆದಿಲ್ಲ ಎಂದೆ.

ಅದನ್ನೇ ಅಲ್ಲವೇ ಬರೆಯಬೇಕಾದದ್ದು ಎಂದರು ಆಕೆ.

ನಾನು ಮೇಲೆ ಹೋಗಿ ಪೆಟ್ಟಿಗೆ ಕಟ್ಟತೊಡಗಿದೆ. ಹಡಗಿಗೆ ಇನ್ನೂ ಎರಡು ತಿಂಗಳಿತ್ತು.